ಹಲಗಲಿಯ ಲಾವಣಿಯಲ್ಲಿ ಬೀಸುಕಲ್ಲು ಏಕೆ ಬಂತು?

ಕನ್ನಡ ಶಿಕ್ಷಕಿ:
ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಗೆ ‘ಹಲಗಲಿ ಬೇಡರು’ ಲಾವಣಿ ಪಾಠ ಮಾಡುತ್ತಿದ್ದೆ. ಮುಧೋಳದ ಬಳಿಯ ಹಲಗಲಿ ಊರಿನ ಬೇಡರು ಬ್ರಿಟಿಷರ ವಿರುದ್ಧ ಬಂಡೆದ್ದ ಕಥೆ ಅದು. 1857ರ ನಿಶ್ಶಸ್ತ್ರೀಕರಣ ಕಾಯ್ದೆ, ಹತ್ಯಾರ (ಆಯುಧ) ಕೊಡೆವೆಂದು ನಿಂತ ಹನುಮ, ಬಾಲ, ಜಡಗ, ರಾಮ, ನಡುರಾತ್ರಿ ಬಂದೆರಗಿದ ಕುಂಪಣಿ (ಈಸ್ಟ್ ಇಂಡಿಯಾ ಕಂಪನಿ) ದಂಡು. ಅಲ್ಲಿಯವರೆಗೆ ತರಗತಿ ಉಸಿರು ಬಿಗಿಹಿಡಿದು ಕೇಳಿತು. ಊರು ಲೂಟಿಯಾಗುವ ನುಡಿ ಬಂತು. ಕೊಡಲಿ, ಕಬ್ಬಿಣ, ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುಕಲ್ಲು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಬೀಸುಕಲ್ಲನ್ನು ಯಾರಾದರೂ ಹೊತ್ತೊಯ್ಯುತ್ತಾರಾ?” ಎಂದು ಕೇಳಿದಳು. ‘ಬೆಲ್ಲ’ಕ್ಕೆ ಪ್ರಾಸವಾಗಿ ಬಂದಿರಬೇಕು ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಹಿಡಿಸಲಿಲ್ಲ. ನೀವು ಹೇಗೆ ಓದುತ್ತೀರಿ?

ಘಟಪ್ರಭೆಯ ದಂಡೆಯವನು:
ಮೇಡಂ, ನಾನು ಮುಧೋಳದ ಕಡೆಯವನು. ದಂಡು ಊರಿನ ಬಳಿ ಬೀಡುಬಿಟ್ಟರೆ ಸಿಪಾಯಿಗಳಿಗೆ ರೊಟ್ಟಿ ಬೇಕು, ರೊಟ್ಟಿಗೆ ಹಿಟ್ಟು ಬೇಕು. ಜೋಳ ಸಿಕ್ಕರೆ ಸಾಲದು, ಬೀಸಬೇಕಲ್ಲ. ಹಾಗಾಗಿ ಕಲ್ಲು ಒಯ್ದಿದ್ದರೆ ಆಶ್ಚರ್ಯವಿಲ್ಲ. ಕೊಡಲಿಯದು ಬೇರೆ ಮಾತು. ಕಟ್ಟಿಗೆ ಕಡಿಯುವ ಕೊಡಲಿಯೂ ಸರ್ಕಾರದ ಕಣ್ಣಿಗೆ ಹತ್ಯಾರವೇ.

ಹಳೆಯ ಕಡತ:
ಈ ಹಾಡುಗಳು ಬಾಯಿಂದ ಬಾಯಿಗೆ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅವುಗಳನ್ನು ಬರೆದಿಟ್ಟು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದವರು ಜೆ. ಎಫ್. ಫ್ಲೀಟ್. ನಮ್ಮ ಶಾಸನಗಳನ್ನು ಓದಿದ ಅದೇ ಫ್ಲೀಟ್, ಬ್ರಿಟಿಷ್ ಸರ್ಕಾರದ ಅಧಿಕಾರಿ! ಹಲಗಲಿಯವರಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದ ಲೆಕ್ಕ ಸರ್ಕಾರದ ಬಳಿ ಇತ್ತು. ಜೀರಿಗೆಯ ಲೆಕ್ಕ ಇಟ್ಟವನು ‘ಕುರ್ತಕೋಟಿ ಕಲ್ಮೇಶ’ನ ಅಂಕಿತದಲ್ಲಿ ಹಾಡಿದ ಲಾವಣಿಕಾರ ಮಾತ್ರ.

ಕನ್ನಡ ಶಿಕ್ಷಕಿ:
ಇಬ್ಬರಿಗೂ ಧನ್ಯವಾದಗಳು. ಜೀರಿಗೆಯ ಮಾತು ಓದಿ ಮತ್ತೆ ಪುಸ್ತಕ ತೆರೆದೆ. ಕೊಡಲಿ ಇರುವುದು ಹಿತ್ತಲಿನಲ್ಲಿ, ಹಾಲು-ಬೆಣ್ಣೆ ನೆಲುವಿನಲ್ಲಿ, ಅರಿಸಿನ-ಜೀರಿಗೆ ಒಲೆಯ ಪಕ್ಕದ ಗಡಿಗೆಯಲ್ಲಿ. ಹಾಡುಗಾರ ಮನೆಯೊಳಗೆ ಹೆಜ್ಜೆ ಹೆಜ್ಜೆಯಾಗಿ ನಡೆದಿದ್ದಾನೆ ಎಂದು ನನಗೆ ಈಗ ಅನಿಸುತ್ತಿದೆ. ಇದು ಮನೆಯ ಹೆಂಗಸಿನ ಕಣ್ಣಿನ ಪಟ್ಟಿ. ಮಂಗಳಸೂತ್ರದ ಜೊತೆಗೇ ಬೀಸುಕಲ್ಲನ್ನು ಇಟ್ಟಿದ್ದಾನೆ. ಗಂಡನೂ ಇಲ್ಲ, ನಾಳೆ ಬೀಸಲು ಕಲ್ಲೂ ಇಲ್ಲ. ಪ್ರಾಸವೆಂದು ಹೇಳಿದ್ದು ನನ್ನ ತಪ್ಪು. ಸೋಮವಾರ ಮೊದಲ ಅವಧಿಯಲ್ಲಿಯೇ ಆ ಹುಡುಗಿಯನ್ನು ಎಬ್ಬಿಸಿ ಈ ನುಡಿಯನ್ನು ಅವಳಿಂದಲೇ ಗಟ್ಟಿಯಾಗಿ ಓದಿಸುತ್ತೇನೆ.

ಘಟಪ್ರಭೆಯ ದಂಡೆಯವನು:
ಓದಿಸಬೇಡಿ ಮೇಡಂ, ಹಾಡಿಸಿ. ಡಪ್ಪು ಇಲ್ಲದಿದ್ದರೆ ಬೆಂಚು ಬಡಿದರೂ ಸಾಕು.