ಪದಚರ್ಚೆ: ಅಂಕಗಳ 'ರಿಲಯಬಿಲಿಟಿ'ಗೆ 'ವಿಶ್ವಸನೀಯತೆ' ಸಾಕೇ?

ಗೆಳೆಯರೇ,

ಮಕ್ಕಳ ಮನಶ್ಶಾಸ್ತ್ರೀಯ ಪರೀಕ್ಷೆಯ ವರದಿಯನ್ನು ಹೇಗೆ ಓದಬೇಕು ಎಂದು ತಂದೆತಾಯಿಯರಿಗೆ ತಿಳಿಸುವ ಚಿಕ್ಕ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಒಂದು ಪದ ಬಿಡದೆ ಕಾಡುತ್ತಿದೆ. 'ರಿಲಯಬಿಲಿಟಿ'ಗೆ ಪಠ್ಯಪುಸ್ತಕಗಳಲ್ಲಿ 'ವಿಶ್ವಸನೀಯತೆ' ಎಂದಿದೆ. 'ವ್ಯಾಲಿಡಿಟಿ'ಗೆ, ಅಂದರೆ ಅಳೆಯಬೇಕಾದದ್ದನ್ನೇ ಅಳೆಯುವ ಗುಣಕ್ಕೆ, 'ಸಪ್ರಮಾಣತೆ' ಅಥವಾ 'ಸಿಂಧುತ್ವ'. ಈ ವಿಷಯ ಓದಿದವರಿಗೆ ತೊಂದರೆಯಿಲ್ಲ. ಉಳಿದವರು 'ವಿಶ್ವಸನೀಯ ಪರೀಕ್ಷೆ' ಎಂದು ಓದಿದರೆ 'ಇದು ಹೇಳುವುದೆಲ್ಲ ನಿಜ' ಎಂದುಕೊಳ್ಳುತ್ತಾರೆ, ಅಲ್ವಾ? ಶಾಸ್ತ್ರದಲ್ಲಿ ಆ ಅರ್ಥ ಇಲ್ಲ. ಅಂಕಗಳು ಏರುಪೇರಿಲ್ಲದೆ ಎಷ್ಟು ಒಂದೇ ತೆರನಾಗಿ ಬರುತ್ತವೆ ಎಂಬುದಷ್ಟೇ ಅಲ್ಲಿನ ಅರ್ಥ.

ಲೆಕ್ಕದ ಜಾಣ್ಮೆ ಅಳೆಯುವ ಪರೀಕ್ಷೆಯೊಂದರಲ್ಲಿ ಪ್ರಶ್ನೆಗಳೆಲ್ಲ ಉದ್ದುದ್ದ ವಾಕ್ಯಗಳಲ್ಲಿವೆ ಎಂದುಕೊಳ್ಳಿ. ನಿಧಾನವಾಗಿ ಓದುವ ಮಗುವಿಗೆ ಈ ತಿಂಗಳೂ ಕಡಿಮೆ ಅಂಕ, ಮುಂದಿನ ತಿಂಗಳೂ ಕಡಿಮೆ. ಬೇಗ ಓದುವ ಮಗು ಎರಡು ಸಲವೂ ಮುಂದೆ. ಯಾರ ಸ್ಥಾನವೂ ಅಲ್ಲಾಡುವುದಿಲ್ಲ. ವಿಶ್ವಸನೀಯತೆ ಚೆನ್ನಾಗಿಯೇ ಬರುತ್ತದೆ. ಆದರೆ ಅಳೆದದ್ದು ಲೆಕ್ಕವನ್ನಲ್ಲ, ಓದನ್ನು.

ಹಾಗಾದರೆ 'ಸ್ಥಿರತೆ' ಎನ್ನೋಣವೇ? ಒಂದೇ ಪರೀಕ್ಷೆಯನ್ನು ಕೆಲವು ವಾರ ಬಿಟ್ಟು ಮತ್ತೆ ಕೊಟ್ಟು ಹೋಲಿಸುವಾಗ ಅದು ಹೊಂದುತ್ತದೆ. ಆದರೆ ಬೇರೆ ದಾರಿಗಳೂ ಇವೆ. ಸರಿಸಂಖ್ಯೆಯ ಪ್ರಶ್ನೆಗಳು ಒಂದು ಪಾಲು, ಬೆಸಸಂಖ್ಯೆಯವು ಇನ್ನೊಂದು ಪಾಲು ಎಂದು ಮಾಡಿ ಹೋಲಿಸಬಹುದು. ಆ ಪಾಲುಗಳ ನಡುವಿನ ಸಹಸಂಬಂಧ (ಎರಡರ ಅಂಕಗಳೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) 0.60 ಇದ್ದರೆ, 1910ರಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಪಿಯರ್‌ಮನ್ ಮತ್ತು ಬ್ರೌನ್ ಬೇರೆಬೇರೆಯಾಗಿ ಪ್ರಕಟಿಸಿದ ಸೂತ್ರದಂತೆ ಇಡೀ ಪರೀಕ್ಷೆಯ ವಿಶ್ವಸನೀಯತೆ 0.75 ಆಗುತ್ತದೆ. 1951ರ ಕ್ರೋನ್‌ಬ್ಯಾಕ್ ಲೇಖನದಿಂದ ಹೆಸರಾದ 'ಆಲ್ಫಾ' ಕೂಡ ಒಂದೇ ಸಲದ ಉತ್ತರಗಳಿಂದ ತೆಗೆಯುವ ವಿಶ್ವಸನೀಯತೆಯ ಅಂದಾಜು. ನಡುವೆ ದಿನ ಕಳೆಯದೇ ಇರುವಾಗ 'ಸ್ಥಿರತೆ' ಎನ್ನುವುದು ಹೇಗೆ?

'ಎರರ್' ಇದಕ್ಕಿಂತ ಜಾಸ್ತಿ ಕಷ್ಟ ಕೊಟ್ಟಿತು. 'ಅಳತೆಯ ದೋಷ' ಎಂದರೆ ಪರೀಕ್ಷೆ ಮಾಡಿದವರು ಎಲ್ಲೋ ಎಡವಿದರು ಎಂದು ಕೇಳಿಸುತ್ತದೆ. ಹಿಂದಿನ ರಾತ್ರಿ ನಿದ್ದೆ ಕೆಟ್ಟದ್ದು, ಸುಮ್ನೆ ಊಹಿಸಿ ಗುರುತು ಹಾಕಿದ್ದು ಸರಿಯಾದದ್ದು, ಗೊತ್ತಿದ್ದ ಪ್ರಶ್ನೆಗಳೇ ಬಂದದ್ದು, ಇಂಥವುಗಳಿಂದ ಆಗುವ ವ್ಯತ್ಯಾಸ ಅದು. ನಾನು 'ಅಳತೆಯ ಏರುಪೇರು' ಎಂದೇ ಬರೆದಿದ್ದೇನೆ. ಹಾಗೆಯೇ 'ಟ್ರೂ ಸ್ಕೋರ್'. ಅದನ್ನು 'ನಿಜ ಅಂಕ' ಎಂದರೆ ಮಗುವಿನ ನಿಜವಾದ ಬುದ್ಧಿಯೇ ಸಿಕ್ಕಿತು ಎನಿಸುತ್ತದೆ. ಅದೇ ಮಗುವಿಗೆ ಅದೇ ಸ್ಥಿತಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಪರೀಕ್ಷೆ ಕೊಟ್ಟರೆ ಬರಬಹುದಾದ ಸರಾಸರಿ ಅದು, ಅಷ್ಟೇ. 'ನೆಲೆಯಂಕ' ಎನ್ನಬಹುದೇ?

ಈ ಏರುಪೇರು ಎಷ್ಟಿರುತ್ತದೆ ಎಂಬುದನ್ನು ಬರಹದಲ್ಲಿ ಲೆಕ್ಕ ಮಾಡಿಯೇ ತೋರಿಸಿದ್ದೇನೆ. ಪ್ರಮಾಣ ವಿಚಲನೆ (ಎಲ್ಲರ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 15, ವಿಶ್ವಸನೀಯತೆ 0.91 ಇರಲಿ. 1ರಲ್ಲಿ 0.91 ಕಳೆದರೆ 0.09. ಅದರ ವರ್ಗಮೂಲ 0.3. ಅದನ್ನು 15ರಿಂದ ಗುಣಿಸಿದರೆ 4.5. ಇದರ ಸುಮಾರು ಎರಡರಷ್ಟನ್ನು ಆಚೀಚೆ ಇಟ್ಟು 100 ಬಂದ ಅಂಕವನ್ನು '91ರಿಂದ 109ರೊಳಗೆ' ಎಂದು ಓದಬೇಕು. 0.91 ಒಳ್ಳೆಯ ವಿಶ್ವಸನೀಯತೆಯೇ, ಆದರೂ ಇಷ್ಟು ಅಗಲ! ಒಂದು ಮಗುವಿಗೆ 98, ಇನ್ನೊಂದಕ್ಕೆ 103 ಬಂದಾಗ ಮನೆಯಲ್ಲಿ ಹೋಲಿಕೆ ಶುರುವಾಗುತ್ತದೆ. ಅದು ನಿಲ್ಲಲಿ ಎಂದೇ ಈ ಬರಹ. ಅದಕ್ಕೇ ಪದ ತಿಳಿಯಾಗಿರಬೇಕು.

ನನಗೆ ಹೊಳೆದ ಪದ 'ಗಟ್ಟಿತನ'. 'ಈ ಅಂಕ ಎಷ್ಟು ಗಟ್ಟಿ?' ಎಂದು ಕೇಳಿದರೆ ಯಾರಿಗೂ ವಿವರಿಸಬೇಕಾಗಿಲ್ಲ. 'ಪರೀಕ್ಷೆ ಗಟ್ಟಿ' ಎಂದರೆ ಮಾತ್ರ 'ಕಷ್ಟದ ಪರೀಕ್ಷೆ' ಎಂದು ಅರ್ಥವಾದೀತು. ಆದರೆ ಈ ಗುಣ ಪರೀಕ್ಷೆಯದಲ್ಲ, ಅಂಕಗಳದು. ಅದೇ ಪರೀಕ್ಷೆಯನ್ನು ಒಂದೇ ಮಟ್ಟದ ಮಕ್ಕಳ ಗುಂಪಿಗೆ ಕೊಟ್ಟರೆ ವಿಶ್ವಸನೀಯತೆ ಇಳಿಯುತ್ತದೆ. ಎಲ್ಲ ಮಟ್ಟದವರೂ ಇರುವ ಗುಂಪಿನಲ್ಲಿ ಏರುತ್ತದೆ. ಹಾಗಾಗಿ 'ಅಂಕದ ಗಟ್ಟಿತನ' ಎಂದು ಬಳಸುವುದೇ ಸರಿ ಎನಿಸುತ್ತಿದೆ.

ಈ ಅರ್ಥದಲ್ಲಿ 'ಗಟ್ಟಿತನ'ವನ್ನು ಯಾರಾದರೂ ಬಳಸಿದ್ದನ್ನು ನೋಡಿದ್ದೀರಾ? ಮೊದಲ ಸಲ 'ವಿಶ್ವಸನೀಯತೆ' ಎಂದು ಬರೆದು, ಮುಂದೆ 'ಗಟ್ಟಿತನ' ಎಂದರೆ ಓದುವವರಿಗೆ ಗೊಂದಲವಾದೀತೇ? ಇದಕ್ಕಿಂತ ಒಳ್ಳೆಯ ಪದ ಇದ್ದರೆ ದಯವಿಟ್ಟು ತಿಳಿಸಿ.