ಕಾಲಿನ ರಕ್ತನಾಳ: ಡಾಕ್ಟರನ್ನು ಕೇಳಿ

ಅಡ್ಮಿನ್: ಮೈಸೂರಿನಲ್ಲಿ ವ್ಯಾಸ್ಕ್ಯುಲರ್ ಸರ್ಜನ್ (ರಕ್ತನಾಳದ ಆಪರೇಷನ್ ಮಾಡುವವರು) ಆಗಿರುವ ನಮ್ಮೂರ ಡಾಕ್ಟ್ರು ಇವತ್ತು ಸಂಜೆವರೆಗೆ ಗುಂಪಿನಲ್ಲಿರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಸುಂಟಿಕೊಪ್ಪ: ಸಾರ್, ಅಮ್ಮನಿಗೆ ಮೊಣಕಾಲ ಕೆಳಗೆ ನರ ಉಬ್ಬಿದೆ. ನರದ ಆಪರೇಷನ್ ಮಾಡಿಸಿದರೆ ಕಾಲಿನ ಶಕ್ತಿ ಹೋಗುತ್ತದಂತೆ?

ಡಾಕ್ಟರ್: ಅದು ನರ ಅಲ್ಲ, ರಕ್ತನಾಳ. ವೆರಿಕೋಸ್ ವೇನ್. ಮೇಲೆ ಹೋದ ರಕ್ತ ಕೆಳಗಿಳಿಯದಂತೆ ತಡೆಯುವ ವಾಲ್ವ್ ಕೆಟ್ಟಿರುತ್ತದೆ. ಶಕ್ತಿ ಎಲ್ಲೂ ಹೋಗುವುದಿಲ್ಲ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಲೇಸರ್ ಸಾಕಾ ನೋಡೋಣ.

ಶನಿವಾರಸಂತೆ: ಅಕ್ಕನಿಗೆ ಡಯಾಲಿಸಿಸ್‌ಗೆ ಅಂತ ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಆ ಕೈಯಲ್ಲಿ ಕಾಫಿ ಕೊಯ್ಯಬಹುದಾ?

ಕುಶಾಲನಗರ: ನನಗೂ ಕಾಲಲ್ಲಿ ನರ ಉಬ್ಬಿದೆ ಸಾರ್, ಏನು ಮಾಡಲಿ?

ಡಾಕ್ಟರ್: ಮೇಲೆ ಓದಿ.

ಮಡಿಕೇರಿ ವಿದ್ಯಾರ್ಥಿ: ಸಾರ್, ಎಂಬಿಬಿಎಸ್ ಓದ್ತಾ ಇದ್ದೇನೆ. ನಿಮ್ಮ ವಿಭಾಗಕ್ಕೆ ಬರಲು ಎಷ್ಟು ವರ್ಷ?

ಡಾಕ್ಟರ್: ಇಂಟರ್ನ್‌ಶಿಪ್ ಸೇರಿ ಐದೂವರೆ, ಜನರಲ್ ಸರ್ಜರಿ ಎಂಎಸ್ 3, ಆಮೇಲೆ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ನೀಟ್ ಎಸ್‌ಎಸ್ ಬರೆದು ರಕ್ತನಾಳದ ಸರ್ಜರಿಯಲ್ಲಿ ಎಂಸಿಎಚ್ 3. ಎಲ್ಲೂ ಫೇಲಾಗದಿದ್ದರೆ ಹನ್ನೊಂದೂವರೆ. ಕೂದಲೆಳೆಯಂಥ ದಾರದಲ್ಲಿ ಹೊಲಿಯುವ ತಾಳ್ಮೆ ಇರಬೇಕು, ರಾತ್ರಿ ಎರಡಕ್ಕೆ ಎದ್ದು ಓಡಬೇಕು. ಇಷ್ಟಾದ ಮೇಲೂ ನೆಂಟರು "ನೀವು ನರದ ಡಾಕ್ಟರಾ" ಅಂತಲೇ ಕೇಳುತ್ತಾರೆ.

ನಾಪೋಕ್ಲು: ಡಾಕ್ಟ್ರೇ, ಮಾವನಿಗೆ 64. ಶುಗರ್ ಇದೆ, ಬೀಡಿ ಬಿಟ್ಟಿಲ್ಲ. ಒಂದು ವರ್ಷದಿಂದ ತೋಟದ ಏರು ಹತ್ತಿದರೆ ಮೀನಖಂಡ ಹಿಡಿಯುತ್ತಿತ್ತು, ನಿಂತರೆ ಸರಿಯಾಗುತ್ತಿತ್ತು. ಇವತ್ತು ಬೆಳಿಗ್ಗೆ ಹತ್ತರಿಂದ ಬಲಗಾಲು ವಿಪರೀತ ನೋವು, ಪಾದ ಬೆಳ್ಳಗೆ ತಣ್ಣಗಾಗಿದೆ, ಬೆರಳು ಮುಟ್ಟಿದರೆ ಗೊತ್ತಾಗ್ತಿಲ್ಲ ಅಂತಾರೆ. ಬಿಸಿನೀರಿನ ಬ್ಯಾಗ್ ಇಟ್ಟಿದ್ದೇವೆ.

ಡಾಕ್ಟರ್: ಬ್ಯಾಗ್ ಈಗಲೇ ತೆಗೆಯಿರಿ. ಸ್ಪರ್ಶ ಇಲ್ಲದ ಕಾಲು ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಲೂ ಬೇಡಿ. ಏರು ಹತ್ತುವಾಗ ಹಿಡಿದು ನಿಂತರೆ ಬಿಡುವ ನೋವು ರಕ್ತನಾಳ ಕಿರಿದಾಗಿರುವ ಲಕ್ಷಣ, ಇವತ್ತು ಅದು ಪೂರ್ತಿ ಮುಚ್ಚಿರಬಹುದು. ಅಥವಾ ಹೃದಯದಿಂದ ರಕ್ತದ ಗಡ್ಡೆ ಹೊರಟು ಅಲ್ಲಿ ಸಿಕ್ಕಿಹಾಕಿಕೊಂಡಿರಬಹುದು. ಕಾಲು ಉಳಿಸಲು ನಮಗೆ ಸಿಗೋದು ಸುಮಾರು 6 ಗಂಟೆ, ನಿಮ್ಮದು ಹತ್ತಕ್ಕೇ ಶುರುವಾಗಿದೆ. ಮೊದಲು ಮಡಿಕೇರಿ ಆಸ್ಪತ್ರೆಗೆ ಹೋಗಿ, ಇಸಿಜಿ ಮಾಡಲಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಬೇಕಾ ಅವರು ನೋಡಲಿ. ಅಲ್ಲಿಂದಲೇ ನನಗೆ ಫೋನ್ ಮಾಡಿಸಿ. ಮೈಸೂರಿಗೆ 120 ಕಿಲೋಮೀಟರ್ ಇದೆ, ಕಾಯುತ್ತಾ ಕೂರಬೇಡಿ. ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಡಿ, ಬಟ್ಟೆಯಿಂದ ಸಡಿಲವಾಗಿ ಸುತ್ತಿ. ಊಟ ಕೊಡಬೇಡಿ. ಮಾತ್ರೆ ಚೀಟಿ ಜೊತೆಗಿರಲಿ. ಗಡ್ಡೆ ಆಗಿದ್ದರೆ ಸಣ್ಣ ಬಲೂನಿನ ಟ್ಯೂಬ್ ಹಾಕಿ ಎಳೆದು ತೆಗೆಯಬಹುದು, ಆದರೆ ಆಗ ಮಾಂಸ ಬದುಕಿರಬೇಕಲ್ವಾ.

ಗೋಣಿಕೊಪ್ಪ: ಫಾರ್ವರ್ಡ್ ಬಂದಿದೆ ನೋಡಿ. ದಿನಾ ಒಂದು ಚಮಚ ಕಾಚಂಪುಳಿ (ನಮ್ಮ ಅಡುಗೆಯ ಕಪ್ಪು ಹುಳಿ), ಬೆಳ್ಳುಳ್ಳಿ, ಜೇನು. ಎಂಥ ಬ್ಲಾಕೇಜ್ ಆದರೂ ಕರಗುತ್ತದೆ.

ಡಾಕ್ಟರ್: ಕಾಚಂಪುಳಿ ಹಂದಿ ಮಾಂಸದ ಪಂದಿಕರಿಗೆ. ರಕ್ತನಾಳಕ್ಕಲ್ಲ. ಇಂಥದ್ದನ್ನು ನಂಬಿ ತಿಂಗಳು ಕಾದವರ ಬೆರಳು ನಾನೇ ಕತ್ತರಿಸಿದ್ದೇನೆ.

ವಿರಾಜಪೇಟೆ: ಅಂಗಡಿಯಲ್ಲಿ ಸಿಗೋದು ಕಾಚಂಪುಳಿನೇ ಅಲ್ಲ, ಬಣ್ಣದ ವಿನೆಗರ್.

ಗೋಣಿಕೊಪ್ಪ: ನಮ್ಮ ಮನೇಲಿ ಹಣ್ಣಿನ ರಸ ಇಳಿಸಿ ಕಪ್ಪಾಗೋವರೆಗೆ ಕುದಿಸಿ ಮಾಡ್ತೇವೆ. ಬಂದು ನೋಡಿ.

ವಿರಾಜಪೇಟೆ: ಮತ್ತೆ ಹೋದ ವರ್ಷ ಕೊಟ್ಟ ಬಾಟ್ಲಿ ನೀರಿನ ಹಾಗಿತ್ತಲ್ಲ?

ಗೋಣಿಕೊಪ್ಪ: ಪುಕ್ಕಟೆ ಕೊಟ್ಟಿದ್ದಕ್ಕೆ ಇದಾ ಮಾತು.

ಭಾಗಮಂಡಲ: ಜಿಗಣೆ ಬಿಟ್ಟರೆ ಕೆಟ್ಟ ರಕ್ತ ಹೋಗುತ್ತದೆ ಅಂತಾರೆ, ಮಳೆಗಾಲದಲ್ಲಿ ನಮಗೆ ಅದು ಫ್ರೀ 😄

ಡಾಕ್ಟರ್: ನಗುವ ವಿಷಯ ಅಲ್ಲ. ಶುಗರ್ ಇರುವವರ ಕಾಲಿಗೆ ಬೇಕೆಂದೇ ಗಾಯ ಮಾಡಬೇಡಿ.

ಸೋಮವಾರಪೇಟೆ: ಸಾರ್ ನರ ಉಬ್ಬಿದ್ದಕ್ಕೆ ಯಾವ ಎಣ್ಣೆ ಒಳ್ಳೇದು?

ಡಾಕ್ಟರ್: ಯಾವುದೂ ಅಲ್ಲ. ಓದದೆ ಕೇಳೋದಾದರೆ ನಾನ್ಯಾಕೆ ಬರೀಬೇಕು?

ಸೋಮವಾರಪೇಟೆ: ಕೇಳಿ ಅಂತ ಕರೆದವರು ನೀವೇ ಅಲ್ವಾ.

ಅಡ್ಮಿನ್: ಇಬ್ಬರೂ ಸುಮ್ನೆ ಇರಿ. ಕಾಚಂಪುಳಿಯವರು ಪರ್ಸನಲ್ ಆಗಿ ಜಗಳ ಆಡಿ.

ನಾಪೋಕ್ಲು: ಮಡಿಕೇರಿಯಲ್ಲಿ ಇಂಜೆಕ್ಷನ್ ಕೊಟ್ಟರು. ಆಂಬುಲೆನ್ಸ್ ಪಿರಿಯಾಪಟ್ಟಣ ದಾಟಿದೆ.

ಡಾಕ್ಟರ್: ಬೆರಳು ಅಲ್ಲಾಡಿಸುತ್ತಾರಾ?

ನಾಪೋಕ್ಲು: ಹೆಬ್ಬೆರಳು ಸ್ವಲ್ಪ.

ಡಾಕ್ಟರ್: ಸರಿ. ನಾನು ಆಪರೇಷನ್ ಥಿಯೇಟರ್ ರೆಡಿ ಮಾಡಿಸುತ್ತೇನೆ. ಇನ್ನು ಇಲ್ಲಿ ಇರುವುದಿಲ್ಲ.

ಗೋಣಿಕೊಪ್ಪ: ನೀರಿನ ಹಾಗಿತ್ತು ಅನ್ನೋದಾದರೆ ಬಾಟ್ಲಿ ವಾಪಸ್ ಕೊಡಿ.

ಶನಿವಾರಸಂತೆ: ಅಕ್ಕನ ಕೈ ವಿಷಯ ಯಾರೂ ಹೇಳಲಿಲ್ಲ.