ಚರ್ಮಕ್ಕೆ ಡೈ ಹಚ್ಚಿದಾಗ ಗೆರೆಗಳು ಉಳಿಯುತ್ತಿವೆ: ಸರಿಪಡಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವೆಜಿಟೆಬಲ್ ಟ್ಯಾನಿಂಗ್ ವಿಧಾನದಲ್ಲಿ (ಮರದ ತೊಗಟೆಯಂಥ ಸಸ್ಯಗಳ ಒಗರಿನಿಂದ) ಹದ ಮಾಡಿದ, ಸುಮಾರು 3 ಮಿಲಿಮೀಟರ್ ದಪ್ಪದ ಚರ್ಮದಿಂದ ಒಂದು ಬೆಲ್ಟ್ ಹಾಗೂ ಒಂದು ಚೀಲವನ್ನು ತಯಾರಿಸುತ್ತಿದ್ದೇನೆ. ಸ್ಪಿರಿಟ್ ಆಧಾರಿತ ಕಡುಕಂದು ಡೈಯನ್ನು ನೀರೂ ಥಿನ್ನರೂ ಬೆರೆಸದೆ, ಸೀಸೆಯಲ್ಲಿದ್ದ ಹಾಗೆಯೇ, ಕಡ್ಡಿಗೆ ಸಿಕ್ಕಿಸಿದ ಉಣ್ಣೆಯ ಉಂಡೆಯಿಂದ ಹಚ್ಚಿದೆ. ಹಸಿಯಿದ್ದಾಗ ಬಣ್ಣ ಒಂದೇ ಸಮನಾಗಿ ಕಾಣುತ್ತಿತ್ತು. ಒಣಗಿದ ಮೇಲೆ ಬೆಲ್ಟಿನ ಉದ್ದಕ್ಕೂ ಕಪ್ಪು ಅಡ್ಡಗೆರೆಗಳು ಎದ್ದು ಬಂದಿವೆ. ಇನ್ನೊಂದು ಕೈ ಹಚ್ಚಿದರೆ ಗೆರೆಗಳು ಮುಚ್ಚಿಹೋದಾವೆಂದು ಹಚ್ಚಿ ನೋಡಿದೆ, ಅವು ಮತ್ತಷ್ಟು ಕಪ್ಪಾದವು. ಚೀಲದ ಮುಚ್ಚಳದ ಮೇಲೆ ಬೆರಳಿನ ಅಗಲದ ಒಂದು ಜಾಗವಂತೂ ಬಣ್ಣವನ್ನೇ ಹಿಡಿಯುತ್ತಿಲ್ಲ. ತಪ್ಪಿರುವುದು ಚರ್ಮದಲ್ಲೋ, ಡೈಯಲ್ಲೋ, ನನ್ನ ಕೈಯಲ್ಲೋ ತಿಳಿಯದಾಗಿದೆ. ದಯವಿಟ್ಟು ತಿಳಿಸಿಕೊಡಿ.

ಉತ್ತರ

ನಮಸ್ಕಾರ. ತಾವು ಹೇಳಿರುವ ಎರಡು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ.

ಅಡ್ಡಗೆರೆಗಳಿಗೆ ಕಾರಣ ಡೈ ಒಣಗುವ ವೇಗ. ಸ್ಪಿರಿಟ್ ಬಹಳ ಬೇಗ ಆರುವುದರಿಂದ, ಒಂದು ಸಲ ಎಳೆದ ಬಣ್ಣದ ಅಂಚು ಮುಂದಿನ ಎಳೆತ ಬಂದು ಸೇರುವಷ್ಟರಲ್ಲಿ ಒಣಗಿರುತ್ತದೆ. ಆ ಅಂಚಿನ ಮೇಲೆ ಮತ್ತೆ ಡೈ ಬಿದ್ದಾಗ ಅಲ್ಲಿ ಮಾತ್ರ ಎರಡು ಪದರ ಕೂಡಿಕೊಂಡು ಕಪ್ಪು ಗೆರೆಯಾಗುತ್ತದೆ. ಒಂದು ಚೂರು ಚರ್ಮದ ಮೇಲೆ ಡೈ ಎಳೆದು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಒದ್ದೆಯ ಹೊಳಪು ಅಂಚಿನಿಂದ ಒಳಮುಖವಾಗಿ ಕೆಲವೇ ಕ್ಷಣಗಳಲ್ಲಿ ಹಿಂಜರಿದು ಮಾಯವಾಗುವುದು ಕಾಣುತ್ತದೆ. ಆ ಹೊಳಪು ಇರುವಾಗಲೇ ಮುಂದಿನ ಎಳೆತ ಬಂದು ಸೇರಬೇಕು. ಉಣ್ಣೆಯ ಸಣ್ಣ ಉಂಡೆಯಿಂದ ಇಡೀ ಬೆಲ್ಟಿಗೆ ಹೀಗೆ ಹಚ್ಚುವುದು ಪಳಗಿದವರಿಗೂ ಕಷ್ಟ. ಅದು ಮೊದಲು ತಾಗಿದ ಕಡೆ ಬಣ್ಣವನ್ನು ಒಮ್ಮೆಲೇ ಸುರಿದು ಮುಂದೆ ಬರಿದಾಗುತ್ತದೆ. ಅದನ್ನು ಅಂಚುಗಳಿಗೆ ಮಾತ್ರ ಇಟ್ಟುಕೊಂಡು, ಅಗಲವಾದ ಜಾಗಕ್ಕೆ ಅಂಗೈಯಗಲದ ಸ್ಪಂಜು ಅಥವಾ ಮಡಚಿದ ಹಳೆಯ ಬನಿಯನ್ ಬಟ್ಟೆಯನ್ನು ಬಳಸುವುದು ಒಳ್ಳೆಯದು.

ಇದಕ್ಕಿಂತ ಮುಖ್ಯವಾದುದು ಡೈಯನ್ನು ತೆಳುವಾಗಿಸುವುದು. ಅದೇ ಡೈಗೆ ಹೊಂದುವ ಥಿನ್ನರನ್ನು ಸಮಪಾಲು ಬೆರೆಸಿ, ಮೂರು ನಾಲ್ಕು ತೆಳುವಾದ ಪದರಗಳಲ್ಲಿ ಬೇಕಾದ ಬಣ್ಣಕ್ಕೆ ತಲುಪಬೇಕು. ಮೊದಲ ಪದರ ಎಷ್ಟೋ ಸಲ ಕಳೆಗುಂದಿ ಮಚ್ಚೆಮಚ್ಚೆಯಾಗಿ ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗಿ ದಪ್ಪ ಡೈಗೆ ಮರಳಬೇಡಿ. ಸುತ್ತುಸುತ್ತಾಗಿ ಹಚ್ಚಿ, ಒಂದು ಪದರ ಆರಿದ ಮೇಲೆ ಇನ್ನೊಂದನ್ನು ಬೇರೆ ದಿಕ್ಕಿನಲ್ಲಿ ಹಚ್ಚಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಚ್ಚುವ ಮೊದಲು ಹಿಂಡಿದ ಸ್ಪಂಜಿನಿಂದ ಚರ್ಮದ ಮೇಲ್ಮೈಯನ್ನೆಲ್ಲ ಸಮನಾಗಿ ತುಸು ತೇವ ಮಾಡಿಕೊಂಡರೆ ಡೈ ನಿಧಾನವಾಗಿ ಇಳಿಯುತ್ತದೆ, ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ನೀಟ್ಸ್‌ಫುಟ್ ಎಣ್ಣೆಯನ್ನು (ದನದ ಕಾಲಿನ ಮೂಳೆಗಳಿಂದ ತೆಗೆದ, ಚರ್ಮ ಮೆದುವಾಗಿಸುವ ಎಣ್ಣೆ) ತೆಳುವಾಗಿ ಸವರಿ ಒಂದು ದಿನ ಬಿಟ್ಟು ಡೈ ಹಚ್ಚುವವರೂ ಇದ್ದಾರೆ; ಒಣಕಲು ಚರ್ಮಕ್ಕೆ ನಾನು ಅದನ್ನೇ ಹೇಳುತ್ತೇನೆ. ಎಣ್ಣೆ ಸೇರಿದ ಡೈಗಳು ತಡವಾಗಿ ಒಣಗುವುದರಿಂದ ಹೊಸಬರ ಕೈಗೆ ಹೆಚ್ಚು ಒಗ್ಗುತ್ತವೆ.

ಇನ್ನು ಬಣ್ಣ ಹಿಡಿಯದ ಜಾಗ. ಅಲ್ಲಿ ಅಂಟು ತಾಗಿರಬೇಕು, ಇಲ್ಲವೇ ಜಿಡ್ಡಿನ ಬೆರಳು ಒತ್ತಿರಬೇಕು. ಒಂದು ಹನಿ ನೀರು ಬಿಟ್ಟು ನೋಡಿ: ಸುತ್ತಲಿನ ಚರ್ಮ ಹೀರಿಕೊಂಡು, ಅಲ್ಲಿ ಮಾತ್ರ ಹನಿ ಗುಂಡಗೆ ನಿಂತರೆ ಅನುಮಾನವಿಲ್ಲ. ಜಿಡ್ಡಾಗಿದ್ದರೆ ಡೀಗ್ಲೇಜರ್‌ನಿಂದ, ಅಂದರೆ ಚರ್ಮದ ಮೇಲಿನ ಜಿಡ್ಡು, ಲೇಪ ತೆಗೆಯುವ ದ್ರವದಿಂದ, ಒರೆಸಿದಾಗ ಹೋಗುತ್ತದೆ. ಒಳಗಿಳಿದ ಅಂಟು ಮಾತ್ರ ಪೂರ್ತಿ ಬರುವುದು ಅಪರೂಪ. ಆದ್ದರಿಂದಲೇ ಅಂಟಿಸುವುದಕ್ಕೂ ಹೊಲಿಯುವುದಕ್ಕೂ ಮೊದಲೇ ಬಣ್ಣದ ಕೆಲಸ ಮುಗಿಸಿಕೊಳ್ಳಬೇಕು. ಇಡೀ ತುಂಡಿನ ಮೇಲೆ ಹನಿ ಹೀರದಿದ್ದರೆ ಅದಕ್ಕೆ ಆಗಲೇ ಫಿನಿಶ್ (ಮೇಲ್ಮೈಯನ್ನು ಕಾಪಾಡುವ ಕೊನೆಯ ಲೇಪ) ಹಾಕಿರಬಹುದು. ಅಂಥದಕ್ಕೆ ಡೈ ಇಳಿಯುವುದಿಲ್ಲ. ಹೊಟ್ಟೆಯ ಭಾಗದ ಚರ್ಮದ ನಾರು ಸಡಿಲವಾಗಿದ್ದು, ಬೆನ್ನಿನ ಭಾಗಕ್ಕಿಂತ ಹೆಚ್ಚು ಬಣ್ಣ ಕುಡಿಯುತ್ತದೆ ಎಂಬುದೂ ನೆನಪಿನಲ್ಲಿರಲಿ.

ಈಗಿರುವ ಬೆಲ್ಟನ್ನು ಎಸೆಯಬೇಡಿ. ಬಟ್ಟೆಯನ್ನು ಥಿನ್ನರಿನಲ್ಲಿ ನೆನೆಸಿ ಹಿಂಡಿ, ಗೆರೆಗಳ ಮೇಲಷ್ಟೇ ಅಲ್ಲದೆ ಬೆಲ್ಟಿನ ಪೂರ್ತಿ ಉದ್ದಕ್ಕೆ ಒರೆಸಿ. ಮೇಲೆ ಕುಳಿತ ಡೈ ಸ್ವಲ್ಪ ಕರಗಿ ಹರಡಿಕೊಳ್ಳುತ್ತದೆ. ಆಮೇಲೂ ಉಳಿದ ಗೆರೆಗಳಿಗೆ ಇಡೀ ಬೆಲ್ಟನ್ನು ಇನ್ನೂ ಕಡುವಾದ ಬಣ್ಣಕ್ಕೆ ಒಯ್ಯುವುದೊಂದೇ ದಾರಿ, ಏಕೆಂದರೆ ಒಳಗಿಳಿದ ಬಣ್ಣವನ್ನು ಹಿಂತೆಗೆಯಲಾಗದು. ಕಿಟಕಿ ತೆರೆದು, ಬೆಂಕಿಯಿಂದ ದೂರ ಕುಳಿತು, ಕೈಗವಸು ಹಾಕಿಕೊಂಡು ಮಾಡಿ.

ಮರುಪ್ರಶ್ನೆ

ತುಂಬ ಧನ್ಯವಾದಗಳು. ಥಿನ್ನರಿನಿಂದ ಒರೆಸಿ, ತೆಳುವಾದ ಮೂರು ಪದರ ಹಚ್ಚಿದ ಮೇಲೆ ಬೆಲ್ಟ್ ಸಮನಾಯಿತು. ಆದರೆ ನೀರಿನ ಆಧಾರದ ಫಿನಿಶ್ ಹಚ್ಚುವಾಗ ಸ್ಪಂಜಿಗೆ ಕಂದು ಬಣ್ಣ ಬಂದು, ತುದಿಯಲ್ಲಿ ಮತ್ತೆ ಸಣ್ಣ ಗೆರೆಗಳು ಕಾಣಿಸಿಕೊಂಡವು.

ಉತ್ತರ

ಒಳಗಿಳಿಯದೆ ಮೇಲೆಯೇ ಉಳಿದ ಬಣ್ಣದ ಪುಡಿ ಅದು. ಡೈ ಹಚ್ಚಿ ಒಂದು ದಿನವಿಡೀ ಒಣಗಲು ಬಿಟ್ಟು, ಒಣಬಟ್ಟೆಯಿಂದ ಉಜ್ಜಬೇಕು. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೂ ಬಟ್ಟೆ ಬದಲಿಸುತ್ತ ಉಜ್ಜಬೇಕು. ಕಡುಬಣ್ಣಗಳಿಗೆ ಈ ಕೆಲಸದಲ್ಲೇ ಹೆಚ್ಚು ಹೊತ್ತು ಹೋಗುತ್ತದೆ, ಹೋಗಲಿ. ಫಿನಿಶಿನ ಮೊದಲ ಪದರವನ್ನು ತೆಳುವಾಗಿ, ಒತ್ತದೆ, ಒಂದೇ ದಿಕ್ಕಿಗೆ ಎಳೆದು ಬಿಡಿ. ಹಚ್ಚಿದ ಜಾಗಕ್ಕೆ ಮತ್ತೆ ಸ್ಪಂಜು ತಾಗಿಸಬೇಡಿ. ಅದು ಆರಿದ ಮೇಲೆ ಎರಡನೆಯ ಪದರಕ್ಕೆ ಬಣ್ಣ ಅಷ್ಟಾಗಿ ಏಳುವುದಿಲ್ಲ.